ಹಿರಿಯರ ಬಿಪಿ ಏರಿದೆಯೇ? ಹೊಸ ಮಾತ್ರೆಗೆ ಮೊದಲು ಹಳೆಯ ಮಾತ್ರೆ ಡಬ್ಬಿ ಜಾಲಾಡಿ: ಸಮಗ್ರ ಮಾರ್ಗದರ್ಶಿ

ವರ್ಷಗಟ್ಟಲೆ 130ರ ಆಸುಪಾಸಿನಲ್ಲಿ ನಿಂತಿದ್ದ ಎಪ್ಪತ್ತರ ಹಿರಿಯರೊಬ್ಬರ ಬಿಪಿ ಒಂದೇ ತಿಂಗಳಲ್ಲಿ 155 ದಾಟುತ್ತದೆ. ಮನೆಯವರು ಉಪ್ಪಿನಕಾಯಿ ಭರಣಿ ಎತ್ತಿಡುತ್ತಾರೆ. ವೈದ್ಯರು ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಮಿ.ಗ್ರಾಂ ಇದ್ದದ್ದನ್ನು 10 ಮಾಡುತ್ತಾರೆ. ಅದೇ ತಿಂಗಳು ಮಂಡಿ ನೋವಿಗೆಂದು ಶುರುವಾದ ಮಾತ್ರೆಯ ಸುದ್ದಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ, ಏಕೆಂದರೆ ಅದನ್ನು ಬರೆದವರು ಮೂಳೆ ಡಾಕ್ಟರು, ಇಲ್ಲವೇ ಅದು ಮೆಡಿಕಲ್ ಶಾಪಿನಲ್ಲಿ ಬಾಯಿಮಾತಲ್ಲಿ ಕೇಳಿ ತಂದದ್ದು. ಮುಂದೆ ಅಮ್ಲೋಡಿಪಿನ್ 10ರಿಂದ ಪಾದ ಊದುತ್ತದೆ. ಊತಕ್ಕೆ ಮೂತ್ರ ಹೋಗಿಸುವ ಮಾತ್ರೆ ಸೇರುತ್ತದೆ. ಅದರಿಂದ ರಾತ್ರಿ ನಾಲ್ಕು ಸಲ ಏಳಬೇಕು, ಎದ್ದಾಗ ತಲೆಸುತ್ತು, ಒಂದು ದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿಯುತ್ತದೆ. ಮೊದಲ ಕೊಂಡಿಯಾದ ನೋವಿನ ಮಾತ್ರೆಯೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಚಿಕಿತ್ಸೆ ನಡೆದಿರುತ್ತದೆ.

ಈ ಸರಪಳಿಯನ್ನು ಮೊದಲ ಕೊಂಡಿಯಲ್ಲೇ ಕತ್ತರಿಸಬಹುದು. ಅದಕ್ಕೆ ಬೇಕಾದದ್ದು ಒಂದು ವಾರದ ಬಿಪಿ ದಾಖಲೆ, ಮಾತ್ರೆಗಳನ್ನೆಲ್ಲ ಹರಡಿಕೊಂಡು ಕೂರಲು ಒಂದು ಸಂಜೆ, ಮತ್ತು ವೈದ್ಯರ ಹತ್ತಿರ ಹತ್ತು ನಿಮಿಷ. ಯಾವುದನ್ನು ನೀವೇ ನಿಲ್ಲಿಸಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದು ಆರನೇ ಹೆಜ್ಜೆಯಲ್ಲಿದೆ. ಅಲ್ಲಿಯವರೆಗೆ ಯಾವ ಮಾತ್ರೆಯನ್ನೂ ಬಿಡಿಸಬೇಡಿ.

ಹೆಜ್ಜೆ 1: ಬಿಪಿ ನಿಜಕ್ಕೂ ಏರಿದೆಯೇ ನೋಡಿ

ಮೆಟ್ಟಿಲು ಹತ್ತಿ ಬಂದು ಕೂತ ಕೂಡಲೇ ಕ್ಲಿನಿಕ್ಕಿನಲ್ಲಿ ನೋಡಿದ ಒಂದೇ ಅಂಕಕ್ಕೆ ಹೆದರಬೇಡಿ. ಮನೆಯಲ್ಲಿ ಏಳು ದಿನ ನೋಡಿ.

ತೋಳಿಗೆ ಸುತ್ತುವ ಯಂತ್ರವೇ ಇರಲಿ, ಮಣಿಕಟ್ಟಿಗೆ ಕಟ್ಟುವುದು ಬೇಡ. ಭುಜ ಮತ್ತು ಮೊಣಕೈ ನಡುವೆ ತೋಳಿನ ಸುತ್ತಳತೆಯನ್ನು ದರ್ಜಿ ಟೇಪಿನಿಂದ ಅಳೆಯಿರಿ. ಯಂತ್ರದ ಜತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿಗೆ ಹೊಂದುತ್ತದೆ, ಪಟ್ಟಿಯ ಮೇಲೇ ಅದು ಅಚ್ಚಾಗಿರುತ್ತದೆ. ತೋಳು ಅದಕ್ಕಿಂತ ದಪ್ಪವಿದ್ದರೆ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಆಗ ದೊಡ್ಡ ಪಟ್ಟಿಯನ್ನೇ ಕೊಳ್ಳಬೇಕು.

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿ ಮತ್ತು ಮಾತ್ರೆಗೆ ಮೊದಲು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ. ಪಾದಗಳು ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಐದು ನಿಮಿಷ ಸುಮ್ಮನೆ ಕೂರಬೇಕು: ಟಿವಿ ಬೇಡ, ಫೋನ್ ಬೇಡ, ನೀವೂ ಮಾತಾಡಿಸಬೇಡಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ರಾತ್ರಿ ಊಟಕ್ಕೆ ಮೊದಲು ಮತ್ತೆ ಹೀಗೆಯೇ ಎರಡು ಸಲ. ಮೊದಲ ದಿನದ ಅಂಕಗಳನ್ನು ಬಿಟ್ಟು ಉಳಿದ ಆರು ದಿನಗಳ 24 ಅಂಕಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಮೇಲಿದ್ದರೆ ಹೆಚ್ಚು ಎಂದರ್ಥ. ಆ ಗೆರೆ ದಾಟದಿದ್ದರೂ, ಹಿಂದೆ 118 ಇದ್ದವರಲ್ಲಿ ವಾರವಿಡೀ 132 ಬಂದರೆ ಅದಕ್ಕೊಂದು ಕಾರಣ ಹುಡುಕಲೇಬೇಕು.

ಎರಡು ದಿನ ಒಂದು ಕೆಲಸ ಹೆಚ್ಚು ಮಾಡಿ. ಕೂತಾಗ ನೋಡಿದ ಮೇಲೆ ಎದ್ದು ನಿಲ್ಲಿಸಿ, ಒಂದನೇ ಮತ್ತು ಮೂರನೇ ನಿಮಿಷಕ್ಕೆ ಬಿಪಿ ನೋಡಿ. ಮೇಲಿನ ಅಂಕ 20 ಅಥವಾ ಕೆಳಗಿನದು 10 ಇಳಿದರೆ ಕೆಂಪು ಪೆನ್ನಿನಲ್ಲಿ ಬರೆದಿಡಿ. ಕೂತಾಗ ಹೆಚ್ಚು, ನಿಂತಾಗ ಕಡಿಮೆ ಇರುವವರಿಗೆ ಕಣ್ಣುಮುಚ್ಚಿ ಬಿಪಿ ಮಾತ್ರೆ ಏರಿಸಿದರೆ ಬೀಳುತ್ತಾರೆ. ನಾಡಿ ಏರುಪೇರಾಗಿ ಬಡಿಯುವವರಲ್ಲಿ ಯಂತ್ರದ ಅಂಕವನ್ನು ಪೂರ್ತಿ ನಂಬುವಂತಿಲ್ಲ; ವೈದ್ಯರ ಕೈಯಿಂದಲೂ ನೋಡಿಸಿ.

ಈ ವಾರದಲ್ಲಿ ಅಂಕ 180/120 ದಾಟಿ, ಜತೆಗೆ ಎದೆನೋವು, ಉಸಿರಾಟದ ತೊಂದರೆ, ಬಾಯಿ ಒಂದು ಕಡೆ ವಾಲುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಗೊಂದಲ ಅಥವಾ ತಡೆಯಲಾರದ ತಲೆನೋವು, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಈ ಮಾರ್ಗದರ್ಶಿ ಆಮೇಲೆ. ಅಂಕ ಅಷ್ಟಿದ್ದೂ ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ ಶಾಂತವಾಗಿ ಕೂರಿಸಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ, ಇಳಿಯದಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ನಾಲಿಗೆಯ ಕೆಳಗೆ ಹಾಕುವ ಹಳೆಯ ರೂಢಿ ಕೆಲವೆಡೆ ಇನ್ನೂ ಉಳಿದಿದೆ. ಅದು ಬಿಪಿಯನ್ನು ಒಮ್ಮೆಲೇ ಕುಸಿಸಿ ಪಾರ್ಶ್ವವಾಯು ಅಥವಾ ಹೃದಯಾಘಾತ ತರಬಲ್ಲದು. ಮಾಡಬೇಡಿ.

ಹೆಜ್ಜೆ 2: ಮನೆಯಲ್ಲಿರುವ ಔಷಧವನ್ನೆಲ್ಲ ಹಾಸಿಗೆಯ ಮೇಲೆ ಸುರಿಯಿರಿ

"ಯಾವ ಮಾತ್ರೆ ತಗೋತೀರಿ?" ಎಂದು ಕೇಳಿದರೆ ಹಿರಿಯರು ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳನ್ನಷ್ಟೇ ಹೇಳುತ್ತಾರೆ. ನೋವಿಗೆ ನುಂಗಿದ್ದು ಅವರ ಲೆಕ್ಕದಲ್ಲಿ ಔಷಧವೇ ಅಲ್ಲ, ಕಷಾಯವಂತೂ ಊಟದ ಸಾಲಿಗೆ ಸೇರಿದ್ದು. ಆದ್ದರಿಂದ ಬಾಯಿಮಾತು ಬಿಟ್ಟು ವಸ್ತುಗಳನ್ನೇ ತನ್ನಿ. ಮಾತ್ರೆ ಡಬ್ಬಿ, ದಿಂಬಿನ ಕೆಳಗಿನ ಪಟ್ಟಿ, ದೇವರ ಕೋಣೆಯ ಗೂಡು, ಫ್ರಿಜ್ಜಿನ ಬಾಗಿಲು, ಊರಿಗೆ ಹೋಗುವ ಚೀಲ, ಅಡುಗೆಮನೆಯ ಕಪಾಟು, ಎಲ್ಲ ಕಡೆ ಹುಡುಕಿ. ಕಣ್ಣಿನ ಮತ್ತು ಮೂಗಿನ ಹನಿ, ಕೆಮ್ಮಿನ ಸಿರಪ್, ಗ್ಯಾಸ್ ಪುಡಿ, ನೀರಲ್ಲಿ ಕರಗಿಸಿ ಕುಡಿಯುವ ಮಾತ್ರೆ, ಚೂರ್ಣ, ಲೇಹ್ಯ, ಯಾರೋ ಕೊಟ್ಟ ಪೊಟ್ಟಣ, ಎಲ್ಲವೂ ಬರಲಿ. ಕಳೆದ ಮೂರು ತಿಂಗಳಲ್ಲಿ ಹಾಕಿಸಿಕೊಂಡ ಇಂಜೆಕ್ಷನ್ನುಗಳನ್ನು, ಮಂಡಿಗೆ ಚುಚ್ಚಿಸಿಕೊಂಡದ್ದೂ ಸೇರಿ, ಕೇಳಿ ಬರೆಯಿರಿ.

ಕೇಳುವ ರೀತಿ ಮುಖ್ಯ. "ನೋವಿನ ಮಾತ್ರೆ ತಗೋತೀಯೇನಮ್ಮಾ?" ಅಂದರೆ "ಇಲ್ಲ, ಯಾವಾಗಲೋ ಒಂದು" ಎಂಬ ಉತ್ತರ ಬರುತ್ತದೆ. "ಮಂಡಿ ಹಿಡಿದುಕೊಂಡಾಗ ಏನು ಮಾಡ್ತೀಯಮ್ಮಾ? ಹೋದ ವಾರ ಎಷ್ಟು ಸಲ?" ಎಂದು ಕೇಳಿ. ಬೈಯುವ ದನಿ ಬಂದರೆ ಪೊಟ್ಟಣ ಬಚ್ಚಿಡುತ್ತಾರೆ.

ಒಂದು ಹಾಳೆಯಲ್ಲಿ ಐದು ಕಲಂ ಎಳೆಯಿರಿ: ಒಳಗಿರುವ ಔಷಧದ ಹೆಸರು, ಎಷ್ಟು ಮಿ.ಗ್ರಾಂ, ದಿನಕ್ಕೆ ಎಷ್ಟು, ಯಾವ ತಾರೀಖಿನಿಂದ, ಯಾರು ಕೊಟ್ಟದ್ದು. ನಾಲ್ಕನೇ ಕಲಂ ತುಂಬುವುದು ಕಷ್ಟ. ಹಳೆಯ ಬಿಲ್ಲು, ಚೀಟಿ, ಹಬ್ಬ, ಮದುವೆ ನೆನಪಿಸಿ ತುಂಬಿ: "ಯುಗಾದಿಗೆ ಮುಂಚೆಯೋ ಆಮೇಲೋ?"

ಹೆಜ್ಜೆ 3: ಬ್ರ್ಯಾಂಡಿನ ಹೆಸರು ಬಿಟ್ಟು ಒಳಗೇನಿದೆ ಎಂದು ಓದಿ

ಒಂದೇ ಔಷಧ ನಮ್ಮಲ್ಲಿ ನೂರಾರು ಹೆಸರಿನಲ್ಲಿ ಮಾರಾಟವಾಗುತ್ತದೆ. ಮಾತ್ರೆ ಪಟ್ಟಿಯ ಬೆನ್ನಿನಲ್ಲಿ ಸಣ್ಣಕ್ಷರದಲ್ಲಿರುವ ಸಂಯೋಜನೆಯನ್ನು ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ನೋವಿನ ಮಾತ್ರೆಗಳ ಹೆಸರಿನ ಕೊನೆಯ 'ಪಿ' ಸಾಮಾನ್ಯವಾಗಿ ಪ್ಯಾರಸಿಟಮಾಲ್ ಸೇರಿದೆ ಎಂದು ಸೂಚಿಸುತ್ತದೆ, 'ಎಸ್‌ಪಿ' ಎಂದರೆ ಅದರ ಮೇಲೆ ಊತಕ್ಕೆಂದು ಸೇರಿಸುವ ಸೆರಾಷಿಯೊಪೆಪ್ಟಿಡೇಸ್ ಕೂಡ. "ಇದು ಬರೀ ಜ್ವರದ ಮಾತ್ರೆ" ಎಂದುಕೊಂಡು ನುಂಗುವುದರಲ್ಲಿ ಅಸೆಕ್ಲೋಫೆನಾಕ್ 100 ಮಿ.ಗ್ರಾಂ ಮತ್ತು ಪ್ಯಾರಸಿಟಮಾಲ್ 325 ಮಿ.ಗ್ರಾಂ ಎರಡೂ ಇರುವುದು ತೀರಾ ಸಾಮಾನ್ಯ.

ಅಂಗಡಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ಸಂಯೋಜನೆಯಿರುವ ತುಂಡು ಅಲ್ಲೇ ಉಳಿದುಬಿಡುತ್ತದೆ. ಕೈಗೆ ಬಂದದ್ದರಲ್ಲಿ ಹೆಸರೂ ಪೂರ್ತಿ ಇರುವುದಿಲ್ಲ. ಅಂಥ ತುಂಡನ್ನು ಅದೇ ಅಂಗಡಿಗೆ ಒಯ್ದು ಪೂರ್ತಿ ಪಟ್ಟಿ ತೋರಿಸಲು ಹೇಳಿ, ಇನ್ನು ಮುಂದೆ ಬಿಲ್ಲಿಲ್ಲದೆ ಮಾತ್ರೆ ತರಬೇಡಿ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದು ಕಂಡರೆ ಸ್ಕ್ಯಾನ್ ಮಾಡಿ, ಔಷಧದ ಮೂಲ ಹೆಸರು ಸಿಗುತ್ತದೆ.

ಹೆಜ್ಜೆ 4: ಅಪರಾಧಿಗಳ ಪಟ್ಟಿಯೊಂದಿಗೆ ತಾಳೆ ನೋಡಿ

*ನೋವಿನ ಮಾತ್ರೆಗಳು.* ಎಲ್ಲಕ್ಕಿಂತ ಮೊದಲು ಇವನ್ನೇ ಹುಡುಕಿ: ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್, ಪೈರಾಕ್ಸಿಕಾಮ್, ಇಂಡೊಮೆಥಾಸಿನ್, ಕೆಟೊರೊಲ್ಯಾಕ್, ನಿಮೆಸುಲೈಡ್, ಮೆಫೆನಾಮಿಕ್ ಆಸಿಡ್. ಕಿಡ್ನಿಯ ರಕ್ತನಾಳಗಳನ್ನು ಹಿಗ್ಗಿಸಿ ಉಪ್ಪನ್ನು ಹೊರಹಾಕಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಈ ಮಾತ್ರೆಗಳು ಅದನ್ನು ತಡೆಯುತ್ತವೆ. ಉಪ್ಪು ಮತ್ತು ನೀರು ಒಳಗೇ ನಿಲ್ಲುತ್ತವೆ, ಬಿಪಿ ಏರುತ್ತದೆ. ಸರಾಸರಿ ಏರಿಕೆ ಮೂರರಿಂದ ಐದು ಅಂಕ ಎಂದು ಓದಿದರೆ ಅಲ್ಪ ಅನ್ನಿಸುತ್ತದೆ. ಸರಾಸರಿಯೆಂದರೆ ಕೆಲವರಲ್ಲಿ ಏನೂ ಆಗದಿರಬಹುದು, ಕೆಲವರಲ್ಲಿ ಅದಕ್ಕಿಂತ ಬಹಳ ಹೆಚ್ಚು ಏರಿರಬಹುದು. ವಯಸ್ಸಾದಂತೆ ರಕ್ತನಾಳ ಬಿರುಸಾಗಿರುತ್ತದೆ, ಕಿಡ್ನಿಯ ಕಸುವು ತಗ್ಗಿರುತ್ತದೆ. ಹಾಗಾಗಿ ಹೆಚ್ಚು ಏರುವ ಗುಂಪಿನಲ್ಲಿ ಹಿರಿಯರೇ ಹೆಚ್ಚು.

ಇವು ಬಿಪಿ ಏರಿಸುವುದರ ಜತೆಗೆ ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಾಲಪ್ರಿಲ್, ರಾಮಿಪ್ರಿಲ್, ಮೂತ್ರ ಹೋಗಿಸುವ ಮಾತ್ರೆಗಳು ಮತ್ತು ಅಟೆನೊಲಾಲ್‌ನಂಥವುಗಳ ಬಲ ಕುಗ್ಗುತ್ತದೆ. ಅಮ್ಲೋಡಿಪಿನ್ ಮೇಲೆ ಈ ಪೆಟ್ಟು ಕಡಿಮೆ.

ಇಲ್ಲೊಂದು ದೊಡ್ಡ ಅಪಾಯವಿದೆ. ಟೆಲ್ಮಿಸಾರ್ಟನ್ 40 ಮತ್ತು ಮೂತ್ರ ಹೋಗಿಸುವ ಹೈಡ್ರೊಕ್ಲೋರೊಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ 12.5 ಸೇರಿದ ಒಂದೇ ಮಾತ್ರೆಯನ್ನು ಬಹಳಷ್ಟು ಹಿರಿಯರು ನುಂಗುತ್ತಾರೆ. ಅದೊಂದರಲ್ಲೇ ಎರಡು ಔಷಧ ಇವೆ. ಅದರ ಮೇಲೆ ನೋವಿನ ಮಾತ್ರೆ ಬಿದ್ದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. ವಾಂತಿ-ಭೇದಿಯಾಗುತ್ತಿರುವಾಗ, ಕಲಬುರಗಿ-ರಾಯಚೂರಿನ ಬೇಸಿಗೆಯಲ್ಲಿ ನೀರು ಸಾಲದಿರುವಾಗ ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಡಬಹುದು. ಈ ಜೋಡಿ ಹಾಸಿಗೆಯ ಮೇಲೆ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯದೆ ಮರುದಿನವೇ ವೈದ್ಯರಿಗೆ ಫೋನ್ ಮಾಡಿ.

ಎಟೊರಿಕಾಕ್ಸಿಬ್ ಬಗ್ಗೆ ಒಂದು ಮಾತು. ಹೊಟ್ಟೆಗೆ ಹಗುರ ಎಂದು ಹಿರಿಯರಿಗೆ ಧಾರಾಳವಾಗಿ ಬರೆಯುತ್ತಾರೆ. ಬಿಪಿ 140/90ರ ಮೇಲೆಯೇ ನಿಂತು ಹತೋಟಿಗೆ ಬಾರದವರಿಗೆ ಇದನ್ನು ಕೊಡಬಾರದೆಂದು ಯುರೋಪಿನಲ್ಲಿ ಔಷಧದ ವಿವರಪತ್ರದಲ್ಲೇ ಬರೆದಿದೆ. ಹೃದಯಕ್ಕೆಂದು ಕೊಡುವ ಆಸ್ಪಿರಿನ್ 75 ಬಿಪಿ ಏರಿಸುವುದಿಲ್ಲ. ಅದನ್ನು ಇದೇ ಗುಂಪೆಂದು ಬಗೆದು ನಿಲ್ಲಿಸಿ ಅನಾಹುತ ಮಾಡಿಕೊಳ್ಳಬೇಡಿ.

ಪ್ಯಾರಸಿಟಮಾಲ್ ಪೂರ್ತಿ ನಿರಪರಾಧಿಯಲ್ಲ. ಎಡಿನ್‌ಬರೋದಲ್ಲಿ ಬಿಪಿ ಇರುವ 110 ಜನರಿಗೆ ಎರಡು ವಾರ ದಿನಕ್ಕೆ 4 ಗ್ರಾಂ ಕೊಟ್ಟು ನೋಡಿದಾಗ ಮೇಲಿನ ಅಂಕ ಸುಮಾರು 5 ಏರಿತು. ಆ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಪರೂಪಕ್ಕೊಂದು 500 ಅಥವಾ 650 ನುಂಗುವವರು ಚಿಂತಿಸಬೇಕಿಲ್ಲ. ತಿಂಗಳುಗಟ್ಟಲೆ ದಿನಕ್ಕೆ ಮೂರು ನಾಲ್ಕು ನುಂಗುವವರು ಬಿಪಿ ನೋಡಿಕೊಳ್ಳುತ್ತಿರಬೇಕು.

*ನೆಗಡಿ ಮಾತ್ರೆಗಳು.* ಕಟ್ಟಿದ ಮೂಗು ಬಿಡಿಸುವ ಫಿನೈಲೆಫ್ರಿನ್, ಸೂಡೊಎಫೆಡ್ರಿನ್ ರಕ್ತನಾಳಗಳನ್ನು ಬಿಗಿಯುತ್ತವೆ. ಮೂಗಿನಲ್ಲಿ ಮಾತ್ರ ಬಿಗಿ, ಉಳಿದೆಡೆ ಬಿಡು ಎಂದು ನುಂಗಿದ ಮಾತ್ರೆಗೆ ಹೇಳಲಾಗದು. ನಮ್ಮ ನೆಗಡಿ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್, ಸೀನು ತಡೆಯುವ ಕ್ಲೋರ್‌ಫೆನಿರಮಿನ್ ಜತೆ 5 ಅಥವಾ 10 ಮಿ.ಗ್ರಾಂ ಫಿನೈಲೆಫ್ರಿನ್ ಇರುವುದು ಮಾಮೂಲು. ಬಾಯಿಯಿಂದ ತೆಗೆದುಕೊಂಡ ಫಿನೈಲೆಫ್ರಿನ್ ಕಟ್ಟಿದ ಮೂಗಿಗೆ ಉಪಯೋಗವಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರ ಸೆಪ್ಟೆಂಬರಿನಲ್ಲಿ ಒಮ್ಮತದಿಂದ ಹೇಳಿದೆ. ಲಾಭವಿಲ್ಲದ ಒಂದಕ್ಕೆ ಹಿರಿಯರನ್ನು ಒಡ್ಡುವುದೇಕೆ? ಕ್ಲೋರ್‌ಫೆನಿರಮಿನ್‌ನಿಂದ ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಮೂತ್ರ ಕಟ್ಟಬಹುದು. ಹೊಟ್ಟೆ ಉಬ್ಬಿ ಚಡಪಡಿಸುವಾಗ ಬಿಪಿ ಏರುವುದು ಸಹಜ, ಆ ಏರಿಕೆಯ ಮೂಲವೂ ನೆಗಡಿ ಮಾತ್ರೆಯೇ. ಮೂಗಿಗೆ ಹಾಕುವ ಕ್ಸೈಲೊಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಹನಿಗಳನ್ನು ವಾರಗಟ್ಟಲೆ ಹಾಕಿಕೊಳ್ಳುವವರಲ್ಲೂ ಬಿಪಿ ಏರಬಹುದು. ಬಿಡಲು ಹೋದರೆ ಮೂಗು ಇನ್ನೂ ಕಟ್ಟುತ್ತದೆ, ಹಾಗಾಗಿ ಬಿಡುವುದೇ ಇಲ್ಲ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ತಂದೆ-ತಾಯಂದಿರು ಇನ್ನೂ ಎರಡು ವಿಷಯ ಗಮನಿಸಬೇಕು. ಅಲ್ಲಿ ಐಬುಪ್ರೊಫೆನ್ 200 ಮತ್ತು ನ್ಯಾಪ್ರೊಕ್ಸೆನ್ ಸೋಡಿಯಂ 220 ಮಿ.ಗ್ರಾಂ ಮಾತ್ರೆಗಳು ಚೀಟಿಯಿಲ್ಲದೆ ದಿನಸಿ ಅಂಗಡಿಯಲ್ಲೇ ದೊಡ್ಡ ಡಬ್ಬಿಗಳಲ್ಲಿ ಸಿಗುತ್ತವೆ. ಅಲರ್ಜಿ ಮಾತ್ರೆಯ ಹೆಸರಿನ ಕೊನೆಗೆ 'ಡಿ' ಅಕ್ಷರವಿದ್ದರೆ ಅದರಲ್ಲಿ ಸಾಮಾನ್ಯವಾಗಿ ಸೂಡೊಎಫೆಡ್ರಿನ್ ಇರುತ್ತದೆ. ಮರಳುವಾಗ ಸೂಟ್‌ಕೇಸಿನಲ್ಲಿ ಆ ಡಬ್ಬಿಗಳೂ ಊರಿಗೆ ಬರುತ್ತವೆ. ಅವನ್ನೂ ಹಾಸಿಗೆಯ ಮೇಲಿಡಿ.

*ಸ್ಟೀರಾಯ್ಡ್, ಮತ್ತು ಹೆಸರಿಲ್ಲದ ಪುಡಿ.* ಪ್ರೆಡ್ನಿಸೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಉಪ್ಪು-ನೀರು ಹಿಡಿದಿಟ್ಟು ಬಿಪಿಯನ್ನೂ ಶುಗರನ್ನೂ ಏರಿಸುತ್ತವೆ. ಚೀಟಿಯಲ್ಲಿ ಬರೆದ ಸ್ಟೀರಾಯ್ಡ್ ಹೇಗೂ ಕಣ್ಣಿಗೆ ಬೀಳುತ್ತದೆ. ಚೀಟಿಯಿಲ್ಲದ್ದು ಹೆಚ್ಚು ಅಪಾಯ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನ ಬಳಿ, ಯಾರದೋ ಶಿಫಾರಸಿನ ಮೇಲೆ ದೂರದೂರಿನಿಂದ ತರಿಸುವ ಮಂಡಿನೋವಿನ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಅಥವಾ ಡೈಕ್ಲೋಫೆನಾಕ್ ಬೆರೆಸಿರುವುದು ಪ್ರಯೋಗಾಲಯಗಳ ಪರೀಕ್ಷೆಯಲ್ಲಿ ಮತ್ತೆಮತ್ತೆ ಸಿಕ್ಕಿದೆ. ಲಕ್ಷಣಗಳು ಹೀಗಿರುತ್ತವೆ: ವರ್ಷಗಳ ನೋವು ಎರಡೇ ದಿನದಲ್ಲಿ ಮಾಯ, ಹಸಿವು ಜಾಸ್ತಿ, ಕೆಲವೇ ವಾರಗಳಲ್ಲಿ ಕೆನ್ನೆ ತುಂಬಿ ಮುಖ ಗುಂಡಗೆ, ಕೈಗೆ ಚೂರು ತಾಗಿದರೂ ನೀಲಿ ಕಲೆ, ಹತೋಟಿಯಲ್ಲಿದ್ದ ಶುಗರ್ ತಪ್ಪುವುದು. "ಮೈ ಕೈ ತುಂಬಿಕೊಂಡಿದ್ದಾರೆ" ಎಂದು ನೆಂಟರು ಮೆಚ್ಚುವುದು ಆ ಊತವನ್ನೇ. ಇಂಥ ಪುಡಿಯನ್ನು ಮೂರು ವಾರಕ್ಕಿಂತ ಹೆಚ್ಚು ತಿಂದವರು ತಟ್ಟನೆ ಬಿಡಬಾರದು. ದೇಹ ತನ್ನ ಸ್ವಂತ ಹಾರ್ಮೋನು ತಯಾರಿಸುವುದನ್ನು ನಿಲ್ಲಿಸಿರಬಹುದು. ಒಮ್ಮೆಗೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಪುಡಿಯ ಪೊಟ್ಟಣದೊಂದಿಗೇ ವೈದ್ಯರಲ್ಲಿಗೆ ಹೋಗಿ.

*ಜ್ಯೇಷ್ಠಮಧು.* ಅತಿಮಧುರ, ಯಷ್ಟಿಮಧು ಎಂದೂ ಕರೆಯುವ ಈ ಸಿಹಿ ಬೇರು ಕೆಮ್ಮಿನ ಕಷಾಯ, ಗಂಟಲಿನ ಗುಳಿಗೆ, ಹೊಟ್ಟೆಯುರಿ ಚೂರ್ಣಗಳಲ್ಲಿ ಇರುತ್ತದೆ. ಇದರೊಳಗಿನ ಗ್ಲೈಸಿರೈಜಿನ್ ಕಿಡ್ನಿಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಉಪ್ಪು ಉಳಿಯುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ದಿನಕ್ಕೆ 100 ಮಿ.ಗ್ರಾಂ ಗ್ಲೈಸಿರೈಜಿನ್ ಮೀರಬಾರದೆಂದು ಯುರೋಪಿನ ಆಹಾರ ವಿಜ್ಞಾನ ಸಮಿತಿ 2003ರಲ್ಲಿ ಹೇಳಿತ್ತು. ಬೇರಿನಲ್ಲಿ ಶೇ 4ರಷ್ಟು ಇದ್ದರೂ ಒಂದು ಚಿಕ್ಕ ಚಮಚ, ಅಂದರೆ ಸುಮಾರು 3 ಗ್ರಾಂ ಪುಡಿಯಲ್ಲೇ 120 ಮಿ.ಗ್ರಾಂ ಆಯಿತು. ನೆಗಡಿಗೆ ಮೂರು ದಿನ ಕುಡಿದರೆ ಪರವಾಗಿಲ್ಲ. ದಿನಾ ಬೆಳಿಗ್ಗೆ ಕುಡಿಯುವವರಿಗೆ, ಅದರಲ್ಲೂ ಮೂತ್ರ ಹೋಗಿಸುವ ಮಾತ್ರೆ ಜತೆಗಿದ್ದರೆ, ಕಾಲು ಸೆಳೆತ, ತೊಡೆ ಸೋತುಹೋಗುವುದು, ಎದೆಬಡಿತ ತಪ್ಪುವುದು ಶುರುವಾಗಬಹುದು.

*ಮಾತ್ರೆಯೊಳಗಿನ ಉಪ್ಪು.* ದಿನಕ್ಕೆ 2,000 ಮಿ.ಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೀರಿಗೆ ಹಾಕಿದ ಕೂಡಲೇ ನೊರೆ ಉಕ್ಕುವ 5 ಗ್ರಾಂನ ಒಂದು ಗ್ಯಾಸ್ ಪೊಟ್ಟಣದಲ್ಲಿ ಸುಮಾರು 850 ಮಿ.ಗ್ರಾಂ ಸೋಡಿಯಂ ಇದೆ. ಊಟವಾದ ಮೇಲೆ ದಿನಕ್ಕೆರಡು ಕುಡಿದರೆ ಸಾರಿಗೆ ಉಪ್ಪು ಕಡಿಮೆ ಹಾಕಿದ್ದೆಲ್ಲ ವ್ಯರ್ಥ. ನೊರೆಯುಕ್ಕುವ ಪ್ಯಾರಸಿಟಮಾಲ್ ಮಾತ್ರೆ ಒಂದರಲ್ಲಿ 400 ಮಿ.ಗ್ರಾಂ ಆಸುಪಾಸು ಇರಬಹುದು. ನೊರೆಯುಕ್ಕುವ ವಿಟಮಿನ್ ಮಾತ್ರೆಗಳಲ್ಲೂ ಸೋಡಿಯಂ ಇರುತ್ತದೆ.

ಉಳಿದವನ್ನು ಬೇಗ ನೋಡಿ ಮುಗಿಸಿ. ಖಿನ್ನತೆಗೂ ನರದ ನೋವಿಗೂ ಕೊಡುವ ವೆನ್ಲಾಫ್ಯಾಕ್ಸಿನ್, ಡುಲೊಕ್ಸೆಟಿನ್, ಮತ್ತೆ ಬುಪ್ರೊಪಿಯಾನ್. ವೆನ್ಲಾಫ್ಯಾಕ್ಸಿನ್ ಪ್ರಮಾಣ ಹೆಚ್ಚಿದಷ್ಟೂ ಬಿಪಿ ಹೆಚ್ಚು. ಪದೇಪದೇ ಮೂತ್ರಕ್ಕೆ ಓಡುವವರಿಗೆ ಕೊಡುವ ಮಿರಾಬೆಗ್ರಾನ್: ಬಿಪಿ 180/110 ಮೇಲಿದ್ದವರಿಗೆ ಕೊಡುವಂತಿಲ್ಲ. ಸಂಧಿವಾತದ ಲೆಫ್ಲುನಮೈಡ್. ಕಿಡ್ನಿ ರೋಗಿಗಳಿಗೆ ರಕ್ತ ಹೆಚ್ಚಿಸಲು ಕೊಡುವ ಎರಿಥ್ರೊಪೊಯಟಿನ್ ಇಂಜೆಕ್ಷನ್. ಕಿಡ್ನಿ ಕಸಿಯಾದವರ ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್. ಪ್ರಾಸ್ಟೇಟ್ ಕ್ಯಾನ್ಸರಿನ ಅಬಿರಾಟೆರೋನ್, ಇತರ ಕ್ಯಾನ್ಸರುಗಳ ಬೆವಾಸಿಝುಮ್ಯಾಬ್, ಸುನಿಟಿನಿಬ್. ನಿಂತಾಗ ಬಿಪಿ ಕುಸಿಯುವವರಿಗೆಂದೇ ಕೊಡುವ ಮಿಡೊಡ್ರಿನ್, ಫ್ಲುಡ್ರೊಕಾರ್ಟಿಸೋನ್ ಮಲಗಿದಾಗ ಬಿಪಿಯನ್ನು ವಿಪರೀತ ಏರಿಸಬಹುದು. ಮಿಡೊಡ್ರಿನ್‌ನ ದಿನದ ಕೊನೆಯ ಮಾತ್ರೆಯನ್ನು ಮಲಗುವ ನಾಲ್ಕು ಗಂಟೆ ಮೊದಲೇ ಮುಗಿಸಬೇಕು. ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ಅಗತ್ಯಕ್ಕಿಂತ ಹೆಚ್ಚಾದರೆ ಮೇಲಿನ ಅಂಕ ಏರುತ್ತದೆ. ಕಣ್ಣಿನ ಪಾಪೆ ಹಿಗ್ಗಿಸಲು ಹಾಕುವ ಹನಿಯಲ್ಲೂ ಫಿನೈಲೆಫ್ರಿನ್ ಇರುವುದರಿಂದ ಕಣ್ಣು ಪರೀಕ್ಷೆಯ ದಿನದ ಬಿಪಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೊನೆಯದು ತಿಂದದ್ದರಿಂದ ಬರುವುದಲ್ಲ, ಬಿಟ್ಟದ್ದರಿಂದ ಬರುವುದು. ಕ್ಲೊನಿಡಿನ್ ಎಂಬ ಬಿಪಿ ಮಾತ್ರೆ, ಡಯಾಲಿಸಿಸ್ ರೋಗಿಗಳಲ್ಲಿ ಇದು ಸಾಮಾನ್ಯ, ತಟ್ಟನೆ ತಪ್ಪಿದರೆ ಒಂದೆರಡು ದಿನದೊಳಗೆ ಬಿಪಿ ಮೊದಲಿಗಿಂತ ಮೇಲಕ್ಕೆ ಚಿಮ್ಮುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ಕೂಡ ಒಮ್ಮೆಗೇ ಬಿಡುವ ಮಾತ್ರೆಗಳಲ್ಲ. ಊರ ಜಾತ್ರೆಗೋ ಮದುವೆಗೋ ಹೋಗಿ ಮೂರು ದಿನ ಮಾತ್ರೆ ಮರೆತರೇ ಎಂದು ಕೇಳಿ ನೋಡಿ.

ಹೆಜ್ಜೆ 5: ತಾರೀಖು ಹೊಂದಿಸಿ

ಅನುಮಾನ ಹುಟ್ಟಿದ ಔಷಧದ ಶುರುವಿನ ದಿನವನ್ನೂ ಬಿಪಿ ಏರಿದ ಸಮಯವನ್ನೂ ಪಕ್ಕಪಕ್ಕ ಇಡಿ. ನೆಗಡಿ ಮಾತ್ರೆಯದು ಗಂಟೆಗಳ ಲೆಕ್ಕ, ಬಿಟ್ಟ ಒಂದೆರಡು ದಿನದಲ್ಲಿ ಇಳಿಯುತ್ತದೆ. ನೋವಿನ ಮಾತ್ರೆಯದು ದಿನಗಳಿಂದ ಎರಡು ವಾರ, ಇಳಿಯಲೂ ಅಷ್ಟೇ ಬೇಕು. ಜ್ಯೇಷ್ಠಮಧುವಿನ ಪ್ರಭಾವ ಬಿಟ್ಟ ಮೇಲೂ ಹಲವು ವಾರ ಉಳಿಯಬಹುದು, ಅವಸರಪಟ್ಟು "ಅದರಿಂದಲ್ಲ" ಎಂದು ತೀರ್ಮಾನಿಸಬೇಡಿ. ಶುರು ಮಾಡಿದ ದಿನದ ಜತೆಗೆ ಪ್ರಮಾಣ ಹೆಚ್ಚಿಸಿದ ದಿನವನ್ನೂ ನೋಡಿ. ತಾಳೆಯಾಗದಿದ್ದರೆ ಗೊರಕೆ ಮತ್ತು ನಿದ್ರೆಯಲ್ಲಿ ಉಸಿರು ಕಟ್ಟುವುದು, ಕಿಡ್ನಿಯ ತೊಂದರೆ, ನೋವು ಅಥವಾ ನಿದ್ದೆಗೇಡಿನಿಂದಲೇ ಬಂದ ಏರಿಕೆ, ಇವನ್ನೂ ವೈದ್ಯರು ನೋಡಬೇಕಾಗುತ್ತದೆ.

ಹೆಜ್ಜೆ 6: ಮೂರು ಗುಂಪು ಮಾಡಿ

ನೀವೇ ಇಂದೇ ನಿಲ್ಲಿಸಬಹುದಾದವು: ಚೀಟಿಯಿಲ್ಲದೆ ತಂದ ನೋವಿನ ಮಾತ್ರೆ, ನೆಗಡಿ ಮಾತ್ರೆ, ಗ್ಯಾಸ್ ಪೊಟ್ಟಣ, ನೊರೆಯುಕ್ಕುವ ಮಾತ್ರೆ, ದಿನನಿತ್ಯದ ಜ್ಯೇಷ್ಠಮಧು ಕಷಾಯ.

ಮೊದಲು ಫೋನ್ ಮಾಡಿ ಕೇಳಬೇಕಾದವು: ಮೂಳೆ ಡಾಕ್ಟರು ಬರೆದ ನೋವಿನ ಮಾತ್ರೆ, ಪದೇಪದೇ ಮೂತ್ರಕ್ಕೆ ಓಡುವವರ ಮಿರಾಬೆಗ್ರಾನ್, ಥೈರಾಕ್ಸಿನ್ ಪ್ರಮಾಣ.

ಯಾವ ಕಾರಣಕ್ಕೂ ನೀವೇ ಮುಟ್ಟಬಾರದವು: ಸ್ಟೀರಾಯ್ಡ್ ಮತ್ತು ಹೆಸರಿಲ್ಲದ ಪುಡಿ, ಖಿನ್ನತೆಯ ಮಾತ್ರೆ, ಕ್ಯಾನ್ಸರ್ ಔಷಧ, ಅಂಗಾಂಗ ಕಸಿಯ ಮಾತ್ರೆ, ಆಸ್ಪಿರಿನ್, ಕ್ಲೊನಿಡಿನ್, ಮತ್ತು ಎಲ್ಲ ಬಿಪಿ ಮಾತ್ರೆಗಳು. ಇವುಗಳಲ್ಲಿ ಕೆಲವು ಬಿಪಿ ಏರಿಸಿದರೂ ಮುಂದುವರಿಸಲೇಬೇಕು; ಏರಿದ ಬಿಪಿಗೆ ಬೇರೆ ಮಾತ್ರೆ ಕೊಡುವುದೇ ಸರಿಯಾದ ದಾರಿ.

ನಿಲ್ಲಿಸಿದರೆ ನೋವಿಗೇನು ದಾರಿ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮಾತ್ರೆ ಎರಡೇ ದಿನದಲ್ಲಿ ದಿಂಬಿನಡಿಗೆ ವಾಪಸ್ ಬರುತ್ತದೆ. ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿ: ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು. ಕಡಲೆಕಾಳಿನಷ್ಟು ಹಚ್ಚಿ "ಕೆಲಸ ಮಾಡಲಿಲ್ಲ" ಎನ್ನುವವರೇ ಹೆಚ್ಚು. ರಕ್ತಕ್ಕೆ ಸೇರುವುದು ನುಂಗುವ ಮಾತ್ರೆಗಿಂತ ಬಹಳ ಕಡಿಮೆ. ಕಿಡ್ನಿ ಕೆಟ್ಟವರು ಮಾತ್ರ ಇದಕ್ಕೂ ವೈದ್ಯರನ್ನು ಕೇಳಬೇಕು. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೇರ ಚಾಚಿ ಐದು ಸೆಕೆಂಡ್ ಹಿಡಿದು ಇಳಿಸುವುದು, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ತೊಡೆ ಗಟ್ಟಿಯಾದಂತೆ ಮಂಡಿಯ ಭಾರ ತಗ್ಗುತ್ತದೆ, ಆದರೆ ಆರು ವಾರವಾದರೂ ಬಿಡದೆ ಮಾಡಬೇಕು. ಬಿಸಿನೀರಿನ ಶಾಖ, ನೆಲದ ಬದಲು ಕುರ್ಚಿ, ಕಮೋಡ್, ಕೋಲು. ತಡೆಯದಾಗ ಪ್ಯಾರಸಿಟಮಾಲ್, ತೂಕ 50 ಕಿಲೋಗಿಂತ ಕಡಿಮೆಯಿದ್ದರೆ ಅಥವಾ ಲಿವರ್ ತೊಂದರೆಯಿದ್ದರೆ ದಿನಕ್ಕೆ ಎಷ್ಟೆಂದು ವೈದ್ಯರಿಂದ ಬರೆಸಿಕೊಳ್ಳಿ. ಕಟ್ಟಿದ ಮೂಗಿಗೆ ಮೂಗಿನ ಉಪ್ಪುನೀರಿನ ಹನಿ ಸಾಕು. ಅದರ ಉಪ್ಪು ಬಿಪಿಗೆ ಲೆಕ್ಕಕ್ಕಿಲ್ಲ.

ಹೆಜ್ಜೆ 7: ವೈದ್ಯರ ಮುಂದೆ

ಬಿಪಿ ಹಾಳೆ, ಔಷಧದ ಹಾಳೆ, ಅನುಮಾನದ ಮಾತ್ರೆ ಪಟ್ಟಿಗಳು, ಮೂರನ್ನೂ ಒಯ್ಯಿರಿ. ಮಾತು ಹೀಗೆ ಶುರುವಾಗಲಿ: "ಡಾಕ್ಟ್ರೇ, ಜನವರಿವರೆಗೆ 128 ಇತ್ತು. ಫೆಬ್ರವರಿ 10ರಿಂದ ಈ ಮಾತ್ರೆ ದಿನಕ್ಕೆರಡು ತಗೊಳ್ತಿದ್ದಾರೆ. ಈಗ ವಾರದ ಸರಾಸರಿ 151. ಬಿಪಿ ಮಾತ್ರೆ ಹೆಚ್ಚಿಸೋ ಮುಂಚೆ ಇದನ್ನ ನಿಲ್ಲಿಸಿ ಎರಡು ವಾರ ನೋಡಬಹುದಾ?" ಒಂದೇ ಉಸಿರಿನಲ್ಲಿ ಬೇಕಾದದ್ದೆಲ್ಲ ಬಂತು. ಕಿಡ್ನಿಯ ಕಸುವು ತೋರಿಸುವ ಕ್ರಿಯಾಟಿನಿನ್, ಜತೆಗೆ ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಬೇಕೇ ಎಂದು ಕೇಳಿ. ನೋವಿನ ಮಾತ್ರೆ ವಾರಗಟ್ಟಲೆ ತಿಂದವರಿಗೆ, ಜ್ಯೇಷ್ಠಮಧು ಕುಡಿದವರಿಗೆ ಬಹುತೇಕ ಬೇಕೇ ಆಗುತ್ತದೆ. ಬರೆದ ವೈದ್ಯರೂ ನೋಡುತ್ತಿರುವ ವೈದ್ಯರೂ ಬೇರೆಯಾದರೆ ನಿಲ್ಲಿಸಿದ ವಿಷಯವನ್ನು ಇಬ್ಬರ ಚೀಟಿಯಲ್ಲೂ ಬರೆಸಿ. ಇಲ್ಲದಿದ್ದರೆ ಮುಂದಿನ ತಿಂಗಳು ಅದೇ ಮಾತ್ರೆ ಬೇರೆ ಹೆಸರಿನಲ್ಲಿ ಮರಳುತ್ತದೆ.

ಹೆಜ್ಜೆ 8: ನಿಲ್ಲಿಸಿದ ಮೇಲಿನ ಎರಡು ವಾರ

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಇಳಿಯಿತು ಎಂದು ತಿಳಿಯದು. ನಾಲ್ಕನೇ ಹೆಜ್ಜೆಯಲ್ಲಿ ಹೇಳಿದ ಕಿಡ್ನಿಗೆ ಅಪಾಯದ ಜೋಡಿಗೆ ಮಾತ್ರ ಈ ನಿಯಮವಿಲ್ಲ. ದಿನಕ್ಕೆರಡು ಹೊತ್ತು ಬಿಪಿ ನೋಡುವುದನ್ನು ಮುಂದುವರಿಸಿ.

ಈ ಹಂತದಲ್ಲಿ ತಪ್ಪು ಆಗುವುದು ಬಿಪಿ ಇಳಿದಾಗ. ನೋವಿನ ಮಾತ್ರೆ ಇದ್ದಾಗ ಹೆಚ್ಚಿಸಿದ ಬಿಪಿ ಮಾತ್ರೆ ಹಾಗೇ ಉಳಿದಿರುತ್ತದೆ. ಕಾರಣ ಹೋದ ಮೇಲೆ ಅದೇ ಪ್ರಮಾಣ ಅತಿಯಾಗುತ್ತದೆ. ಮೇಲಿನ ಅಂಕ 110ರ ಕೆಳಗೆ ಬಂದರೆ, ನಿಂತಾಗ 20 ಇಳಿದರೆ, ಬೆಳಿಗ್ಗೆ ಎದ್ದಾಗ ಕಣ್ಣು ಕತ್ತಲಿಟ್ಟರೆ ಅದೇ ದಿನ ವೈದ್ಯರಿಗೆ ತಿಳಿಸಿ ಪ್ರಮಾಣ ಇಳಿಸಿಕೊಳ್ಳಿ. ಅಲ್ಲಿಯವರೆಗೆ ಹಾಸಿಗೆಯಿಂದ ಏಳುವ ಮುನ್ನ ಅಂಚಿನಲ್ಲಿ ಎರಡು ನಿಮಿಷ ಕೂರಿಸಿ, ಬಚ್ಚಲಿಗೆ ಹೋಗುವಾಗ ಜತೆಗಿರಿ, ರಾತ್ರಿ ಸಣ್ಣ ದೀಪ ಉರಿಯಲಿ. ಎರಡು ವಾರವಾದರೂ, ಜ್ಯೇಷ್ಠಮಧುವಾದರೆ ಇನ್ನೂ ಹಲವು ವಾರ ಕಾದರೂ, ಇಳಿಯದಿದ್ದರೆ ಆ ಔಷಧ ಕಾರಣವಲ್ಲ, ಇಲ್ಲವೇ ಒಂದೇ ಕಾರಣವಲ್ಲ. ಹಾಳೆಯಲ್ಲಿ ಮುಂದಿನ ಅನುಮಾನಕ್ಕೆ ಹೋಗಿ.

ಔಷಧದ ಹಾಳೆಯ ನಕಲೊಂದನ್ನು ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಅದರ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ: "ಇವರಿಗೆ ನೋವಿನ ಮಾತ್ರೆ, ನೆಗಡಿ ಮಾತ್ರೆ ಕೊಡುವ ಮೊದಲು ಕೇಳಿ." ಕೆಳಗೆ ಮನೆಯವರೊಬ್ಬರ ಫೋನ್ ನಂಬರ್ ಇರಲಿ. ಅದೇ ಹಾಳೆಯ ಫೋಟೊ ಹಿರಿಯರ ಫೋನಿನಲ್ಲೂ ಮೆಡಿಕಲ್ ಶಾಪಿನವರ ಫೋನಿನಲ್ಲೂ ಇರಲಿ.